ಅರಿವು ಉಂಟು, ಬಿಡುವು ಇಲ್ಲ

"ಹಳ್ಳಿ ಹೆಂಗಸರಿಗೆ ಆರೋಗ್ಯದ ಅರಿವು ಸಾಲದು." ಸಭೆಗಳಲ್ಲಿ ಈ ಮಾತು ಕೇಳಿದಾಗೆಲ್ಲ ನನಗೆ ಕಿರಿಕಿರಿಯಾಗುತ್ತದೆ. ಸಮುದಾಯ ವೈದ್ಯೆಯಾಗಿ ಮಂಗಳೂರಿನ ಸುತ್ತಲಿನ ಊರುಗಳಲ್ಲಿ ನಾನು ನೋಡುವುದು ಬೇರೆಯೇ. ಬೀಡಿ ಕಟ್ಟುವ ಹೆಂಗಸಿಗೆ ತನ್ನ ರಕ್ತ ಕಮ್ಮಿ ಅಂತ ಗೊತ್ತು. ಕಬ್ಬಿಣದ ಮಾತ್ರೆ ಎಲ್ಲಿ ಸಿಗುತ್ತದೆ ಅಂತಲೂ ಗೊತ್ತು. ಆದರೆ ಮಜೂರಿ ಸಾವಿರ ಬೀಡಿಗೆ ಇಷ್ಟು ಅಂತ ಲೆಕ್ಕ. ಆಸ್ಪತ್ರೆ ಸಾಲಿನಲ್ಲಿ ಅರ್ಧ ದಿನ ಕೂತರೆ ಅಷ್ಟು ಮಜೂರಿ ಹೋಯಿತು. "ಬರ್ಲಿಕ್ಕೆ ಮನಸ್ಸುಂಟು ಡಾಕ್ಟ್ರೇ, ಬ್ರಾಂಚಿಗೆ ಬೀಡಿ ಕೊಡ್ಲಿಕ್ಕೆ ಉಂಟಲ್ಲ?" ಅನ್ನುತ್ತಾರೆ. (ಬ್ರಾಂಚ್ ಅಂದರೆ ಕಟ್ಟಿದ ಬೀಡಿ ಒಪ್ಪಿಸುವ ಜಾಗ.) ಇದು ಅರಿವಿನ ಕೊರತೆಯಾ?

ಸ್ತ್ರೀವಾದ ಅಂದರೆ ಗಂಡಸರ ಜೊತೆ ಜಗಳ ಅಂತ ಕೆಲವರು ಎಣಿಸುತ್ತಾರೆ. ನನ್ನ ಕೆಲಸದಲ್ಲಿ ಅದು ಕೆಲವು ಪ್ರಶ್ನೆಗಳು, ಅಷ್ಟೇ. ಮನೆಯಲ್ಲಿ ದುಡ್ಡು ಯಾರ ಕೈಯಲ್ಲಿ? ಆಸ್ಪತ್ರೆಗೆ ಹೋಗಬೇಕೋ ಬೇಡವೋ ಅಂತ ಹೇಳುವವರು ಯಾರು? ಅವಳು ಹೊರಟರೆ ಮಗುವನ್ನು, ಅತ್ತೆಯನ್ನು ನೋಡುವವರು ಯಾರು? ನಮ್ಮ ಕೇಸ್ ಶೀಟಿನಲ್ಲಿ ಇದಕ್ಕೆಲ್ಲ ಕಾಲಂ ಇಲ್ಲ. (ನಮ್ಮದು ಅಳಿಯಸಂತಾನದ ನಾಡು, ಇಲ್ಲಿ ಹೆಂಗಸರದ್ದೇ ಕಾರುಬಾರು ಅನ್ನುವವರೂ ಇದ್ದಾರೆ. ಆಸ್ತಿ ತಾಯಿಯ ಕಡೆಯಿಂದ ಬಂತು, ಸರಿ. ಯಜಮಾನಿಕೆ ಹೆಚ್ಚಾಗಿ ಸೋದರಮಾವನ ಕೈಯಲ್ಲೇ ಇತ್ತು ಅಲ್ವಾ?)

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ನೋಡಿ. 15ರಿಂದ 49 ವರ್ಷದ ಹೆಂಗಸರಲ್ಲಿ ಶೇ. 57 ಮಂದಿಗೆ ರಕ್ತಹೀನತೆ, ಗಂಡಸರಲ್ಲಿ ಶೇ. 25. ಮುಟ್ಟು, ಬಸುರಿ, ಬಾಣಂತನ ಇದಕ್ಕೆ ಕಾರಣ ಅನ್ನಬಹುದು. ಹಾಗಾದರೆ ಇನ್ನೊಂದು ಲೆಕ್ಕಕ್ಕೆ ಏನು ಹೇಳುತ್ತೀರಿ? ಮದುವೆಯಾದ ಹೆಂಗಸರಲ್ಲಿ ಸುಮಾರು ಶೇ. 38 ಮಂದಿ ಮಕ್ಕಳಾಗದ ಆಪರೇಷನ್ ಮಾಡಿಸಿಕೊಂಡಿದ್ದಾರೆ. ಗಂಡನೇ ಮಾಡಿಸಿಕೊಂಡದ್ದು ಶೇ. 0.3. ಗಂಡಸರ ಆಪರೇಷನ್ ಇದಕ್ಕಿಂತ ಸುಲಭ. ಹೊಟ್ಟೆ ತೆರೆಯಬೇಕಾಗಿಲ್ಲ, ಅದೇ ದಿನ ಮನೆಗೆ ಹೋಗಬಹುದು.

ಮದ್ದಿನ ಕತೆಯೂ ಹೀಗೆಯೇ. ಅಮೆರಿಕದಲ್ಲಿ 1977ರಿಂದ 1993ರವರೆಗೆ, ಮಕ್ಕಳಾಗುವ ವಯಸ್ಸಿನ ಹೆಂಗಸರನ್ನು ಹೊಸ ಮದ್ದಿನ ಆರಂಭದ ಪರೀಕ್ಷೆಗಳಿಂದ ಹೊರಗಿಡುವ ಸೂಚನೆ ಇತ್ತು. ಜೋಲ್ಪಿಡೆಮ್ ಎಂಬ ನಿದ್ದೆ ಮಾತ್ರೆ ಹೆಂಗಸರ ದೇಹದಲ್ಲಿ ಜಾಸ್ತಿ ಹೊತ್ತು ಉಳಿಯುತ್ತದೆ. ಅವರಿಗೆ ಅರ್ಧ ಡೋಸ್ ಸಾಕು ಅಂತ ಅಲ್ಲಿನ ಮದ್ದು ನಿಯಂತ್ರಣ ಸಂಸ್ಥೆ ಎಫ್‌ಡಿಎ ಹೇಳಿದ್ದು 2013ರಲ್ಲಿ.

ಹಾಗಾದರೆ ಏನು ಮಾಡಿದರೆ ಉಪಯೋಗ? ನನಗೆ ಹಿಡಿಸಿದ್ದು ಜಾರ್ಖಂಡ್ ಮತ್ತು ಒಡಿಶಾದಲ್ಲಿ 'ಏಕಜುಟ್' ಸಂಸ್ಥೆ ಮಾಡಿದ ಕೆಲಸ. ಊರಿನವಳೇ ಒಬ್ಬಳು ತಿಂಗಳಿಗೊಮ್ಮೆ ಹೆಂಗಸರನ್ನು ಕೂರಿಸುತ್ತಿದ್ದಳು. ಭಾಷಣ ಇಲ್ಲ. ಕತೆ, ಚಿತ್ರ, ಆಟ. ತಮ್ಮ ಕಷ್ಟಗಳಲ್ಲಿ ಯಾವುದು ಮೊದಲು ಅಂತ ಅವರೇ ಆರಿಸಿದರು, ದಾರಿಯನ್ನೂ ಅವರೇ ಹುಡುಕಿದರು. ಇಂಥ ಗುಂಪು ಇಲ್ಲದ ಕಡೆಗಿಂತ ಇಲ್ಲಿ ನವಜಾತ ಶಿಶುಗಳ ಸಾವು ಮೂರು ವರ್ಷದಲ್ಲಿ ಶೇ. 32 ಕಮ್ಮಿ ಇತ್ತು. ಫಲಿತಾಂಶ 2010ರಲ್ಲಿ ಪ್ರಕಟವಾಯಿತು. ಅದಕ್ಕೂ ಮೊದಲು ನೇಪಾಳದ ಮಕವಾನ್‌ಪುರದಲ್ಲಿ ಇಂಥದ್ದೇ ಗುಂಪುಗಳು ಹೆರಿಗೆ ಖರ್ಚಿಗೆ ನಿಧಿ ಕೂಡಿಸಿದ್ದವು, ಸ್ಟ್ರೆಚರ್ ಏರ್ಪಾಡು ಮಾಡಿದ್ದವು.

ನಮ್ಮಲ್ಲಿ ಗುಂಪನ್ನು ಹೊಸದಾಗಿ ಕಟ್ಟಬೇಕಾಗಿಯೂ ಇಲ್ಲ. ಸ್ವಸಹಾಯ ಸಂಘಗಳು ಬೇಕಾದಷ್ಟಿವೆ. ಆದರೆ ಸಭೆ ಸಾಲದ ಕಂತಿನಲ್ಲೇ ಮುಗಿಯುತ್ತದೆ. ಡಾಕ್ಟರು ಹೋದರೆ ಮೈಕು ಹಿಡಿದು ಪೌಷ್ಟಿಕ ಆಹಾರದ ಪಾಠ. ಸುಮ್ನೆ ಕೂತು ಕೇಳಿ ನೋಡಿ. ಕ್ಲಿನಿಕ್ ಮಧ್ಯಾಹ್ನದ ಮೇಲೆ ಇರಲಿ, ಬೀಡಿ ಬ್ರಾಂಚಿನ ಹತ್ತಿರವೇ ಬಿಪಿ, ರಕ್ತ ಪರೀಕ್ಷೆ ಆಗಲಿ ಅಂತ ಅವರೇ ಹೇಳುತ್ತಾರೆ. ಬಸ್ಸಿನ ಮಾತೂ ಬರುತ್ತದೆ. 2023ರ ಜೂನ್‌ನಿಂದ ಸರ್ಕಾರಿ ಸಾಮಾನ್ಯ ಬಸ್ಸಿನಲ್ಲಿ ರಾಜ್ಯದ ಹೆಂಗಸರಿಗೆ ಟಿಕೆಟ್ ದುಡ್ಡು ಇಲ್ಲ. ಆದರೆ ಕರಾವಳಿಯಲ್ಲಿ ಖಾಸಗಿ ಬಸ್ಸುಗಳೇ ಜಾಸ್ತಿ. ಆಸ್ಪತ್ರೆಗೆ ಹೋಗುವ ರೂಟಿನಲ್ಲಿ ಸರ್ಕಾರಿ ಬಸ್ಸು ಇಲ್ಲದಿದ್ದರೆ ಆ ಯೋಜನೆ ಅವಳಿಗೆ ಇಲ್ಲ.

ಈ ಕೆಲಸಕ್ಕೆಲ್ಲ ನಾವು ಕೊನೆಗೆ ಕಳಿಸುವುದು ಆಶಾ ಕಾರ್ಯಕರ್ತೆಯನ್ನು. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಆಶಾಗಳನ್ನು ಗೌರವಿಸಿತು. ಸರ್ಕಾರದ ಕಡತದಲ್ಲಿ ಮಾತ್ರ ಅವಳು ಸ್ವಯಂಸೇವಕಿ, ಸಿಗುವುದು ಗೌರವಧನ, ಪ್ರೋತ್ಸಾಹಧನ. ಹೆಂಗಸರ ಆರೋಗ್ಯದ ಯೋಜನೆ ಬರೆಯುವವರು ಮೊದಲು ಅವಳಿಗೆ ಸಂಬಳ, ಪಿಎಫ್, ವಾರದ ರಜೆ ಬರೆಯಲಿ.