ಚಿತ್ರದಲ್ಲಿ 20 ಪೈಸೆ, ಲೆಕ್ಕದಲ್ಲಿ 37 ಪೈಸೆ: ಕೇಂದ್ರ ಬಜೆಟ್‌ನ ದೀರ್ಘಾವಧಿ ಸವಾಲುಗಳು

ಬಜೆಟ್ ಮಂಡನೆಯಾದ ಮರುದಿನ ಪೇಪರ್‌ನಲ್ಲಿ ಒಂದು ರೂಪಾಯಿ ನಾಣ್ಯದ ಚಿತ್ರ ಬರುತ್ತಲ್ಲ, ರೂಪಾಯಿ ಬರುವುದು ಎಲ್ಲಿಂದ, ಹೋಗುವುದು ಎಲ್ಲಿಗೆ ಅಂತ. 2025-26ರ ಚಿತ್ರದಲ್ಲಿ ಬಡ್ಡಿಗೆ 20 ಪೈಸೆ ಎಂದಿತ್ತು. ತುಂಬಾ ಜನ ಇದನ್ನೇ ಬಾಯಿಪಾಠ ಮಾಡಿಕೊಂಡು ಪರೀಕ್ಷೆಗೆ ಹೋಗುತ್ತಾರೆ. ಸಂಖ್ಯೆ ಸರಿಯೇ ಇದೆ. ಆದರೆ ಆ ರೂಪಾಯಿಯೊಳಗೆ ಏನೇನು ಸೇರಿದೆ ನೋಡಿ. 24 ಪೈಸೆ ಸಾಲ ತಂದ ಹಣ. ಇನ್ನು 22 ಪೈಸೆ ರಾಜ್ಯಗಳಿಗೆ ಕೊಡಲೇಬೇಕಾದ ತೆರಿಗೆ ಪಾಲು. ಇವೆರಡೂ ಕೇಂದ್ರದ ಕೈಯಲ್ಲಿ ಉಳಿಯುವ ಸ್ವಂತ ಆದಾಯವಲ್ಲ.

ಸ್ವಂತ ಆದಾಯಕ್ಕೆ ಹೋಲಿಸಿ ನೋಡೋಣ. ಇಲ್ಲಿ ಕೊಡುವ ಮೊತ್ತವೆಲ್ಲ 2025-26ರ ಬಜೆಟ್ ಅಂದಾಜು. ರಾಜ್ಯಗಳ ಪಾಲು ಕಳೆದ ಮೇಲೆ ಕೇಂದ್ರದ ರಾಜಸ್ವ ಸ್ವೀಕೃತಿ (ತೆರಿಗೆ, ಲಾಭಾಂಶದಂಥ, ಸಾಲವಲ್ಲದ ಆದಾಯ) 34.20 ಲಕ್ಷ ಕೋಟಿ ರೂ. ಕಟ್ಟಬೇಕಾದ ಬಡ್ಡಿ 12.76 ಲಕ್ಷ ಕೋಟಿ. ಭಾಗಿಸಿದರೆ ಸುಮಾರು ಶೇ 37. ಅಂದರೆ ಬಂದ ಪ್ರತಿ ರೂಪಾಯಿಯಲ್ಲಿ 37 ಪೈಸೆ ಹಳೆಯ ಸಾಲದ ಬಡ್ಡಿಗೇ ಹೋಯಿತು. ರಸ್ತೆ, ರೈಲು, ರಕ್ಷಣಾ ಸಾಮಗ್ರಿ ಎಲ್ಲ ಸೇರಿದ ಬಂಡವಾಳ ವೆಚ್ಚ 11.21 ಲಕ್ಷ ಕೋಟಿ. ಬಡ್ಡಿ ಅದಕ್ಕಿಂತಲೂ ಜಾಸ್ತಿ. ದೀರ್ಘಾವಧಿ ಸವಾಲು ಅಂತ ಪ್ರಶ್ನೆ ಬಂದರೆ ನಾನಂತೂ ಉತ್ತರವನ್ನು ಇಲ್ಲಿಂದಲೇ ಶುರು ಮಾಡುತ್ತೇನೆ.

ಈಗ ವಿತ್ತೀಯ ಕೊರತೆಗೆ ಬನ್ನಿ, ಅಂದರೆ ಖರ್ಚಿಗೆ ಆದಾಯ ಸಾಕಾಗದೆ ಸಾಲ ತಂದು ತುಂಬಿಸುವ ಮೊತ್ತಕ್ಕೆ. ಅದು 15.69 ಲಕ್ಷ ಕೋಟಿ, ಜಿಡಿಪಿಯ (ದೇಶದ ಒಂದು ವರ್ಷದ ಒಟ್ಟು ಉತ್ಪಾದನೆಯ) ಶೇ 4.4. ಇದರಲ್ಲಿ ಬಡ್ಡಿ 12.76 ಕಳೆಯಿರಿ. ಉಳಿಯುವುದು 2.93 ಲಕ್ಷ ಕೋಟಿ. ಇದೇ ಪ್ರಾಥಮಿಕ ಕೊರತೆ, ಜಿಡಿಪಿಯ ಶೇ 0.8ರಷ್ಟು. ಆ ವರ್ಷದ ಕೊರತೆಯ ಬಹುಪಾಲು ಹುಟ್ಟಿದ್ದು ಹಿಂದಿನ ವರ್ಷಗಳ ಸಾಲದಿಂದ ಅನ್ನುವುದು ಇಲ್ಲಿ ಗೊತ್ತಾಗುತ್ತದೆ. ಕೋವಿಡ್ ವರ್ಷವಾದ 2020-21ರಲ್ಲಿ ವಿತ್ತೀಯ ಕೊರತೆ ಶೇ 9ನ್ನೂ ದಾಟಿತ್ತು. ಅಲ್ಲಿಂದ ಇಳಿಸಿದ್ದು ಸಣ್ಣ ಕೆಲಸವೇನಲ್ಲ. ಆದರೆ ಆಗ ತಂದ ಸಾಲದ ಬಡ್ಡಿ ಇವತ್ತಿಗೂ ಓಡುತ್ತಿದೆ.

ಮಾರುಕಟ್ಟೆ ಸಾಲದಲ್ಲೂ ಎರಡು ಸಂಖ್ಯೆ ಇರುತ್ತವೆ, ಗೊಂದಲ ಬೇಡ. ಆ ವರ್ಷ ತರುವ ಒಟ್ಟು ಸಾಲ 14.82 ಲಕ್ಷ ಕೋಟಿ, ನಿವ್ವಳ 11.54 ಲಕ್ಷ ಕೋಟಿ. ನಡುವಿನ 3.28 ಲಕ್ಷ ಕೋಟಿ ಅವಧಿ ಮುಗಿದ ಬಾಂಡ್‌ಗಳ ಅಸಲು ತೀರಿಸುವುದಕ್ಕೆ. ಹೊಸ ಸಾಲ ತಂದು ಹಳೆಯ ಸಾಲ ತೀರಿಸುವುದು ಅಂದರೆ ಇದೇ.

ಇಷ್ಟಾದರೂ ದೇಶ ದಿವಾಳಿಯಾಗುವುದಿಲ್ಲ ಯಾಕೆ? ಒಂದು, ಸಾಲದ ಬಹುಭಾಗ ರೂಪಾಯಿಯಲ್ಲೇ ಇದೆ, ಕೊಟ್ಟವರು ನಮ್ಮದೇ ಬ್ಯಾಂಕ್, ವಿಮಾ ಕಂಪನಿ, ಭವಿಷ್ಯ ನಿಧಿಗಳು. 1991ರಲ್ಲಿ ಚಿನ್ನ ಅಡವಿಟ್ಟಿದ್ದು ಡಾಲರ್ ಖಾಲಿಯಾಗುತ್ತಾ ಬಂದಿದ್ದಕ್ಕೆ, ಅದರ ಕಥೆ ಬೇರೆ. ಎರಡನೆಯದು ಇನ್ನೂ ಮುಖ್ಯ: ಬಡ್ಡಿ ದರಕ್ಕಿಂತ ಜಿಡಿಪಿ ಬೇಗ ಬೆಳೆಯುತ್ತಿದೆ. ಉದಾಹರಣೆಗೆ ಜಿಡಿಪಿ 100, ಸಾಲ 56 ಅಂದುಕೊಳ್ಳಿ. ಬಡ್ಡಿ ಶೇ 7 ಇದ್ದು, ಅದನ್ನು ಕಟ್ಟುವುದಕ್ಕೇ ಸಾಲ ಮಾಡಿದರೂ ಮುಂದಿನ ವರ್ಷ ಸಾಲ ಸುಮಾರು 60. ಜಿಡಿಪಿ ಶೇ 10 ಬೆಳೆದು 110 ಆದರೆ ಜಿಡಿಪಿಗೆ ಹೋಲಿಸಿದ ಸಾಲದ ಅನುಪಾತ ಶೇ 54.5ಕ್ಕೆ ಇಳಿಯುತ್ತದೆ. ಒಂದು ರೂಪಾಯಿಯೂ ತೀರಿಸದೆ! ಅದೇ ಬೆಳವಣಿಗೆ ಶೇ 6ಕ್ಕೆ ಬಿದ್ದರೆ ಅನುಪಾತ ಏರುತ್ತದೆ. ನೆನಪಿಡಿ, ಇಲ್ಲಿ ಲೆಕ್ಕಕ್ಕೆ ಬರುವುದು ಬೆಲೆ ಏರಿಕೆಯೂ ಸೇರಿದ ಬೆಳವಣಿಗೆ. ಟೊಮೆಟೊ ಅಗ್ಗವಾದರೆ ನಮಗೆ ಖುಷಿ, ಹಣಕಾಸು ಸಚಿವಾಲಯಕ್ಕೆ ಅಷ್ಟೇನೂ ಅಲ್ಲ.

ಅಂದರೆ ಇಡೀ ಲೆಕ್ಕ ನಿಂತಿರುವುದು ಬೆಳವಣಿಗೆಯ ಮೇಲೆ. ಅದಕ್ಕೆ ದುಡಿಯುವ ಕೈ ಬೇಕು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಒಟ್ಟು ಫಲವತ್ತತೆ ದರ (ಒಬ್ಬ ಮಹಿಳೆಗೆ ಸರಾಸರಿ ಎಷ್ಟು ಮಕ್ಕಳು ಅನ್ನುವುದು) ದೇಶದಲ್ಲಿ 2.0, ಕರ್ನಾಟಕದಲ್ಲಿ 1.7. ಜನಸಂಖ್ಯೆ ಸ್ಥಿರವಾಗಿರಲು ಬೇಕಾದದ್ದು 2.1. ಯುವಜನರ ಲಾಭ ಇನ್ನೂ ಕೆಲವು ದಶಕ ಇರುತ್ತದೆ ನಿಜ, ಆದರೆ ಕೆಲಸ ಮಾಡುವವರಲ್ಲಿ ನೂರಕ್ಕೆ 45ಕ್ಕೂ ಹೆಚ್ಚು ಮಂದಿ 2023-24ರಲ್ಲೂ ಕೃಷಿಯಲ್ಲೇ ಇದ್ದರು. ದೇಶದ ಉತ್ಪಾದನೆಯಲ್ಲಿ ಕೃಷಿಯ ಪಾಲು ಐದನೇ ಒಂದರಷ್ಟೂ ಇಲ್ಲ. ಕಾರ್ಖಾನೆ ಕೆಲಸ ಬೆಳೆಯದೆ ಈ ಅಂತರ ಮುಚ್ಚುವುದು ಕಷ್ಟ. ವಯಸ್ಸಾಗುವ ಮುಂಚೆ ಶ್ರೀಮಂತರಾಗುತ್ತೇವಾ ಅನ್ನುವ ಪ್ರಶ್ನೆ ಬರುವುದು ಇಲ್ಲಿಂದಲೇ.

ವೃದ್ಧರು ಹೆಚ್ಚಿದಂತೆ ಪಿಂಚಣಿ, ಆಸ್ಪತ್ರೆಯ ಖರ್ಚೂ ಹೆಚ್ಚುತ್ತದೆ. 2004ರ ಜನವರಿ 1ರಿಂದ ಕೇಂದ್ರದ ಕೆಲಸಕ್ಕೆ ಸೇರಿದವರಿಗೆ (ಸೇನೆ ಬಿಟ್ಟು) ಎನ್‌ಪಿಎಸ್, ಅಂದರೆ ಕಟ್ಟಿದ ಹಣ ಮಾರುಕಟ್ಟೆಯಲ್ಲಿ ಬೆಳೆದಷ್ಟೇ ಪಿಂಚಣಿ ಸಿಗುವ ರಾಷ್ಟ್ರೀಯ ಪಿಂಚಣಿ ವ್ಯವಸ್ಥೆ, ತಂದಿದ್ದೇ ಈ ಹೊರೆ ಕಟ್ಟಿಹಾಕಲು. 2025ರ ಏಪ್ರಿಲ್‌ನಿಂದ ಯುಪಿಎಸ್ (ಏಕೀಕೃತ ಪಿಂಚಣಿ ಯೋಜನೆ) ಆಯ್ಕೆ ಬಂದಿದೆ. 25 ವರ್ಷ ಸೇವೆ ಸಲ್ಲಿಸಿದವರಿಗೆ ಕೊನೆಯ 12 ತಿಂಗಳ ಸರಾಸರಿ ಮೂಲ ವೇತನದ ಅರ್ಧದಷ್ಟು ಖಾತರಿ ಪಿಂಚಣಿ. ನೌಕರರಿಗೆ ನೆಮ್ಮದಿ, ಆದರೆ ಮಾರುಕಟ್ಟೆ ಬಿದ್ದರೆ ಆ ನಷ್ಟದ ಭಾರ ಮತ್ತೆ ಸರ್ಕಾರದ ಹೆಗಲಿಗೆ.

ಆದಾಯದ ಕಡೆ ಒಂದೇ ಮಾತು: ಪೆಟ್ರೋಲ್, ಡೀಸೆಲ್ ಸುಂಕ. ಬೆಂಗಳೂರಿನಲ್ಲಿ ಎಲೆಕ್ಟ್ರಿಕ್ ಸ್ಕೂಟರ್ ಹೆಚ್ಚಾದಷ್ಟೂ ಕೇಂದ್ರದ ಅಬಕಾರಿ ಸುಂಕವೂ ರಾಜ್ಯದ ಮಾರಾಟ ತೆರಿಗೆಯೂ ಸೊರಗುತ್ತವೆ. ಆ ಜಾಗಕ್ಕೆ ಬೇರೆ ತೆರಿಗೆ ಹುಡುಕಲೇಬೇಕು.

ಕೈ ಬಿಗಿಯಾದಾಗ ಕೇಂದ್ರಕ್ಕೆ ಸುಲಭವಾಗಿ ಸಿಗುವ ದಾರಿ ಸೆಸ್ ಮತ್ತು ಸರ್ಚಾರ್ಜ್, ಅಂದರೆ ತೆರಿಗೆಯ ಮೇಲೆ ಹಾಕುವ ಹೆಚ್ಚುವರಿ ಕರ. ಇವನ್ನು ರಾಜ್ಯಗಳ ಜೊತೆ ಹಂಚಿಕೊಳ್ಳಬೇಕಿಲ್ಲ. ಕೇಂದ್ರ-ರಾಜ್ಯಗಳ ನಡುವೆ ತೆರಿಗೆ ಹಂಚಿಕೆ ಹೇಗೆ ಅಂತ ಹೇಳುವ ಹಣಕಾಸು ಆಯೋಗಗಳಲ್ಲಿ 15ನೆಯದು ರಾಜ್ಯಗಳಿಗೆ ಶೇ 41 ಅಂದಿದ್ದು ಹಂಚಿಕೆಯಾಗುವ ತೆರಿಗೆಯಲ್ಲಿ ಮಾತ್ರ. ಅದರೊಳಗೆ ಕರ್ನಾಟಕದ ಪಾಲು 14ನೇ ಆಯೋಗದ ಶೇ 4.713ರಿಂದ 3.647ಕ್ಕೆ ಇಳಿಯಿತು. ನಮ್ಮ ರಾಜ್ಯದ ತಕರಾರಿನ ಮೂಲ ಇದೇ. ಕೇಂದ್ರದ ಹಣಕಾಸಿನ ಒತ್ತಡ ಹೇಗೆ ರಾಜ್ಯದ ಬಜೆಟ್‌ಗೆ ಇಳಿಯುತ್ತದೆ ಎಂಬ ಪ್ರಶ್ನೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ.

ಇನ್ನು ಗುರಿ. ಸರ್ಕಾರದ ಕೊರತೆ, ಸಾಲಕ್ಕೆ ಮಿತಿ ಹಾಕುವ 2003ರ ಎಫ್‌ಆರ್‌ಬಿಎಂ ಕಾಯ್ದೆ ಅಂದರೆ ಕೊರತೆ ಶೇ 3 ಅಂತಲೇ ಎಲ್ಲರೂ ಬರೆಯುತ್ತಾರೆ. 2018ರ ತಿದ್ದುಪಡಿ ಕೇಂದ್ರದ ಸಾಲ 2024-25ರ ಕೊನೆಗೆ ಜಿಡಿಪಿಯ ಶೇ 40 ಮೀರಬಾರದು ಎಂದಿತ್ತು. ಅದು ಆಗಲಿಲ್ಲ. ಈಗಿನ ಹೊಸ ಗುರಿ 2031ರ ಮಾರ್ಚ್ ಹೊತ್ತಿಗೆ ಸಾಲ ಜಿಡಿಪಿಯ ಶೇ 50, ಒಂದು ಶೇಕಡಾ ಅಂಶ ಆಚೀಚೆ. 2025-26ರ ಅಂದಾಜು ಶೇ 56.1. ಉತ್ತರದಲ್ಲಿ ಈ ಹೊಸ ಗುರಿಯನ್ನೂ ಬರೆಯಿರಿ, ಜೊತೆಗೆ ಮೇಲಿನ 110ರ ಲೆಕ್ಕವನ್ನು ಎರಡು ಸಾಲಿನಲ್ಲಿ ಹಾಕಿ ತೋರಿಸಿ.