ಎಲ್ಲವನ್ನೂ ಹೊಳೆಸಬೇಡಿ

ಹಳೇ ಸ್ಪೋರ್ಟ್ಸ್ ಕಾರಿನ ಎಂಜಿನ್ ಭಾಗಗಳನ್ನು ನಮ್ಮ ವರ್ಕ್‌ಶಾಪಿಗೆ ತರುವವರಲ್ಲಿ ಹೆಚ್ಚಿನವರು ಒಂದೇ ಉಸಿರಿಗೆ ಎರಡು ಮಾತು ಹೇಳುತ್ತಾರೆ. "ಸರ್, ಒರಿಜಿನಲ್ ಹೇಗಿತ್ತೋ ಹಾಗೇ ಆಗ್ಬೇಕು." ಅದರ ಹಿಂದೆಯೇ, "ಎಲ್ಲಾ ಕನ್ನಡಿ ತರ ಮಿಂಚ್ಬೇಕು." ಈ ಎರಡೂ ಒಟ್ಟಿಗೆ ಆಗುವ ಕೆಲಸವಲ್ಲ. ಎಷ್ಟು ಸಲ ಹೇಳಿದರೂ ಮತ್ತೆ ಅದೇ ಮಾತು ಬರುತ್ತದೆ. ಅದಕ್ಕೇ ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ.

ಬ್ರಿಟನ್ನಿನ ಜಾಗ್ವಾರ್ ಕಂಪನಿಯ ಎಕ್ಸ್‌ಕೆ ಎಂಜಿನ್ನನ್ನೇ ತೆಗೆದುಕೊಳ್ಳಿ. ಎರಡನೇ ಮಹಾಯುದ್ಧದ ದಿನಗಳಲ್ಲಿ ಕಾವೆಂಟ್ರಿಯ ಕಾರ್ಖಾನೆಯಲ್ಲಿ ಬಾಂಬಿನ ಬೆಂಕಿಗೆ ಕಾವಲು ಕೂತ ರಾತ್ರಿಗಳಲ್ಲಿ ಎಂಜಿನಿಯರುಗಳಾದ ವಿಲಿಯಂ ಹೇಯ್ನ್ಸ್, ವಾಲ್ಟರ್ ಹಸನ್, ಕ್ಲಾಡ್ ಬೈಲಿ ಮಾತಾಡಿ ಮಾತಾಡಿ ರೂಪ ಕೊಟ್ಟ ಎಂಜಿನ್ ಅದು. 1948ರಲ್ಲಿ ಲಂಡನ್ನಿನ ಅರ್ಲ್ಸ್ ಕೋರ್ಟ್ ಪ್ರದರ್ಶನಕ್ಕೆ ಎಕ್ಸ್‌ಕೆ120 ಕಾರಿನ ಜೊತೆ ಬಂತು. ಬಾನೆಟ್ ಎತ್ತಿದಾಗಲೂ ಕಾರು ಚೆನ್ನಾಗಿ ಕಾಣಬೇಕು ಎಂಬುದು ಕಂಪನಿಯ ಯಜಮಾನ ವಿಲಿಯಂ ಲಯನ್ಸ್‌ರ ಆಸೆ. ಹಾಗಾಗಿ ಎಂಜಿನ್ನಿನ ನೆತ್ತಿಗೆ ಮುಚ್ಚಳದ ಹಾಗಿರುವ ಎರಡು ಅಲ್ಯೂಮಿನಿಯಂ ಕ್ಯಾಮ್ ಕವರ್‌ಗಳಿಗೆ ಪಾಲಿಷ್ ಕೊಟ್ಟರು. ಕೆಳಗೆ ಎಣ್ಣೆ ನಿಲ್ಲುವ ತೊಟ್ಟಿ, ಅಂದರೆ ಸಂಪ್, ಅಚ್ಚಿನಿಂದ ಬಂದ ಹಾಗೇ ಉಳಿಯಿತು. ಮುಂದೆ ಬಂದ ಮಾಡೆಲ್‌ಗಳಲ್ಲಿ ಸಿಲಿಂಡರ್ ಹೆಡ್ಡಿಗೆ ಬಣ್ಣವೂ ಬಂತು. ಎಕ್ಸ್‌ಕೆ140ರ ಸಿ-ಟೈಪ್ ಹೆಡ್ಡಿಗೆ ಕೆಂಪು, 3.8 ಲೀಟರ್ ಇ-ಟೈಪಿಗೆ ಚಿನ್ನದ ಬಣ್ಣ. ಇ-ಟೈಪಿನ ಹೊಗೆ ಸಾಗಿಸುವ ಎಕ್ಸಾಸ್ಟ್ ಮ್ಯಾನಿಫೋಲ್ಡಿಗೆ ಗಾಜಿನಂಥ ಕಪ್ಪು ಎನಾಮಲ್.

ಅಂದರೆ ಒಂದೇ ಎಂಜಿನ್ನಿನಲ್ಲಿ ಪಾಲಿಷ್ ಇದೆ, ಒರಟು ಎರಕ ಇದೆ, ಬಣ್ಣ ಇದೆ, ಎನಾಮಲ್ ಇದೆ, ಮಂಕು ಬೆಳ್ಳಿ ಬಣ್ಣದ ಬೋಲ್ಟುಗಳಿವೆ. ಸುತ್ತಲಿನದು ಮಂಕಾಗಿರುವುದರಿಂದಲೇ ಕ್ಯಾಮ್ ಕವರ್ ಎದ್ದು ಕಾಣುತ್ತದೆ. ಎಲ್ಲವನ್ನೂ ಬಫ್ ಮಾಡಿ ಹೊಳೆಸಿಬಿಟ್ಟರೆ ಕಣ್ಣು ಎಲ್ಲಿ ನಿಲ್ಲಬೇಕು ಹೇಳಿ? ಹಬ್ಬದ ಹಿಂದಿನ ದಿನ ಹುಣಸೆಹಣ್ಣು ಹಚ್ಚಿ ಹಿತ್ತಾಳೆ ದೀಪ ತಿಕ್ಕುವ ಹಾಗೆ ಎಂಜಿನ್ನನ್ನೂ ತಿಕ್ಕಬೇಕು ಅಂದುಕೊಂಡಿದ್ದಾರೆ ನಮ್ಮ ಜನ. ದೀಪ ಹೊಳೆಯಲೆಂದೇ ಇರುವುದು. ಸಂಪ್ ಹಾಗಲ್ಲ.

ನನ್ನ ಮುಖ್ಯ ಮಾತಿಗೆ ಬರುತ್ತೇನೆ. ಅಲ್ಯೂಮಿನಿಯಂ ಎರಕದ ಮೇಲೆ ಒಂದು ಚರ್ಮ ಇರುತ್ತದೆ. ಕರಗಿದ ಲೋಹ ಮರಳಿನ ಅಚ್ಚಿಗೆ ತಾಗಿ ಗಟ್ಟಿಯಾಗುವಾಗ ಆದ ಮೇಲ್ಮೈ ಅದು. ಅದರಲ್ಲಿ ಮರಳಿನ ಕಾಳಿನ ಗುರುತಿರುತ್ತದೆ. ಅಚ್ಚಿನ ಎರಡು ಭಾಗ ಸೇರಿದ ಕಡೆ ಒಂದು ಗೆರೆ, ಉಬ್ಬಿದ ಎರಕದ ನಂಬರ್, ಕೆಲವೊಮ್ಮೆ ಫೌಂಡ್ರಿಯ ಗುರುತೂ ಇರುತ್ತದೆ. ಈ ಚರ್ಮ ಬಿಗಿಯಾಗಿರುತ್ತದೆ. ಅದರ ಕೆಳಗಿನ ಲೋಹದಲ್ಲಿ ಸಣ್ಣ ಸಣ್ಣ ತೂತು ಜಾಸ್ತಿ. ಉಜ್ಜುವ ಎಮರಿ ಬೆಲ್ಟ್ ಹಾಕಿ ಚರ್ಮ ತೆಗೆದರೆ ಆ ತೂತುಗಳು ಬಾಯಿ ಬಿಡುತ್ತವೆ. ಪಾಲಿಷ್ ಮಾಡುವವರು ಅವು ಹೋಗಲಿ ಅಂತ ಇನ್ನೂ ತಿಕ್ಕುತ್ತಾರೆ. ಆಗ ಅಂಚು ದುಂಡಗಾಗುತ್ತದೆ, ನಂಬರ್ ಮಸುಕಾಗುತ್ತದೆ, ಎರಡು ಭಾಗ ಸೇರುವಲ್ಲಿ ಸೋರದಂತೆ ಗ್ಯಾಸ್ಕೆಟ್ ಕೂರುವ ಮೈ ತಗ್ಗಾಗುತ್ತದೆ.

ಇದನ್ನೇ ಇನ್ನೊಂದು ಸಲ ಹೇಳುತ್ತೇನೆ, ಯಾಕೆಂದರೆ ಎಲ್ಲರೂ ತಪ್ಪುವುದು ಇಲ್ಲೇ. ಬಣ್ಣ ತಪ್ಪಾದರೆ ಕೆರೆದು ಮತ್ತೆ ಬಳಿಯಬಹುದು. ಲೋಹದ ಲೇಪ, ಅಂದರೆ ಪ್ಲೇಟಿಂಗ್, ತಪ್ಪಾದರೆ ತೆಗೆಸಿ ಮತ್ತೆ ಮಾಡಿಸಬಹುದು. ಎರಕದ ಚರ್ಮ ಹೋದರೆ ಹೋಯಿತು. ಅದನ್ನು ಹಿಂದಕ್ಕೆ ತರುವ ಮಷೀನ್ ಯಾರ ಹತ್ತಿರವೂ ಇಲ್ಲ. ಪಾಲಿಷ್ ಮಾಡಿದ ಭಾಗದ ಮೇಲೆ ಗಾಳಿಯ ರಭಸದಲ್ಲಿ ಮರಳು ಹೊಡೆದು, ಅಂದರೆ ಬ್ಲಾಸ್ಟ್ ಮಾಡಿ, "ಎರಕದ ತರ ಕಾಣತ್ತಲ್ವಾ?" ಅಂತ ತೋರಿಸುವವರಿದ್ದಾರೆ. ಕಾಣುವುದಿಲ್ಲ. ಎರಕದ ಒರಟು ಉಬ್ಬುತಗ್ಗಾಗಿರುತ್ತದೆ, ಅಲ್ಲಲ್ಲಿ ಬೇರೆ ಬೇರೆ. ಬ್ಲಾಸ್ಟಿನ ಒರಟು ಎಲ್ಲಾ ಕಡೆ ಒಂದೇ ಸಮ. ಬಿಸಿಲಿಗೆ ಓರೆಯಾಗಿ ಹಿಡಿದರೆ ಸಾಕು, ತಿಳಿದವರಿಗೆ ಗೊತ್ತಾಗಿಬಿಡುತ್ತದೆ.

ತಂದೆ ಓಡಿಸುತ್ತಿದ್ದ ಎಂಜಿ ಕಾರನ್ನು ಸರಿ ಮಾಡಿಸುತ್ತಿರುವ ಡಾಕ್ಟರೊಬ್ಬರು ಬಂದಿದ್ದರು. ಒಳ್ಳೆಯ ಮನುಷ್ಯ. ಪ್ರತಿ ಭಾಗವನ್ನೂ ಹಳೇ ಪಂಚೆಯಲ್ಲಿ ಸುತ್ತಿ ತಂದಿದ್ದರು. ಅದರಲ್ಲಿ ಪೆಟ್ರೋಲಿಗೆ ಗಾಳಿ ಬೆರೆಸುವ ಎರಡು ಎಸ್‌ಯು ಕಾರ್ಬುರೇಟರ್. ಬೇರೆ ಕಡೆ ಕೊಟ್ಟು ಪಾಲಿಷ್ ಮಾಡಿಸಿದ್ದರು, ನೋಡಲು ಬೆಳ್ಳಿ ಲೋಟ. "ಇಷ್ಟು ಚೆನ್ನಾಗಿ ಮಾಡ್ಸಿದೀನಿ, ಆದ್ರೂ ಐಡಲ್ ನಿಲ್ತಾ ಇಲ್ಲ ಸರ್" ಅಂದರು. ಅಂದರೆ ಆಕ್ಸಿಲರೇಟರ್ ಒತ್ತದಿದ್ದಾಗ ಎಂಜಿನ್ ಸಮವಾಗಿ ಓಡುತ್ತಿರಲಿಲ್ಲ. ಮೇಲಿನ ಗುಂಬಜಿನಂಥ ಭಾಗ, ಅಂದರೆ ಸಕ್ಷನ್ ಚೇಂಬರ್, ಬಿಚ್ಚಿ ನೋಡಿದೆ. ಒಳಗೂ ಎಮರಿ ಹೊಡೆದಿದ್ದರು.

ಎಸ್‌ಯು ಕಾರ್ಬುರೇಟರಿನಲ್ಲಿ ಪಿಸ್ಟನ್ನು ಚೇಂಬರ್ ಗೋಡೆಗೆ ತಾಗುವುದಿಲ್ಲ. ಕೂದಲೆಳೆಯಷ್ಟು ಸಂದಿ ಬಿಟ್ಟು ಏರಿ ಇಳಿಯುತ್ತದೆ. ಆ ಸಂದಿಯ ಮೇಲೆ ಇಡೀ ಕೆಲಸ ನಿಂತಿದೆ. ಪರೀಕ್ಷೆ ಸುಲಭ. ಸ್ಪ್ರಿಂಗ್ ತೆಗೆದು, ಪಿಸ್ಟನ್ನಿನ ತೂತುಗಳನ್ನು ಮುಚ್ಚಿ, ಚೇಂಬರಿನೊಳಗೆ ಪೂರ್ತಿ ಕೂರಿಸಿ, ತಲೆಕೆಳಗು ಮಾಡಿ ಪಿಸ್ಟನ್ ಹಿಡಿದುಕೊಳ್ಳಬೇಕು. ಪಿಸ್ಟನ್ನಿನ ಓಟ ನಿಧಾನಿಸುವ ಡ್ಯಾಂಪರ್ ಹಾಕಿ ಮೇಲಿನ ಬಾಯಿ ಮುಚ್ಚಿರಬೇಕು. ಚೇಂಬರ್ ತನ್ನ ಭಾರಕ್ಕೆ ತಾನೇ ಮೆಲ್ಲಗೆ ಜಾರುತ್ತದೆ. ಒಂದೂವರೆ ಇಂಚು, ಅದಕ್ಕಿಂತ ದೊಡ್ಡ ಕಾರ್ಬುರೇಟರುಗಳಲ್ಲಿ ಸುಮಾರು 5ರಿಂದ 7 ಸೆಕೆಂಡು ಹಿಡಿಯಬೇಕು. ಡಾಕ್ಟರದ್ದು ಕೈಬಿಟ್ಟ ತಕ್ಷಣ ಜಾರಿತು. ಎರಡೂ ಒಂದೊಂದು ತರ. ಅವರ ಮುಖ ನೋಡಿ ನನಗೇ ಬೇಜಾರಾಯಿತು. ಹೊರಗಿನ ಗುಂಬಜು ಎಷ್ಟು ಬೇಕಾದರೂ ಹೊಳೆಯಲಿ, ತಕರಾರಿಲ್ಲ. ಒಳಗಡೆ ಪೆಟ್ರೋಲಿನಲ್ಲಿ ನೆನೆಸಿದ ಬಟ್ಟೆ ಬಿಟ್ಟು ಬೇರೇನೂ ತಾಗಬಾರದು.

ಬ್ಲಾಸ್ಟಿಂಗ್ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ಅಲ್ಯೂಮಿನಿಯಂಗೆ ಒಣ ಮರಳು ಬೇಡವೇ ಬೇಡ. ನೀರಿನ ಜೊತೆ ಗಾಜಿನ ಮಣಿ ಹೊಡೆಯುವ ವಿಧಾನ ಮೃದು. ಆದರೆ ಎಣ್ಣೆ ದಾರಿ ಇರುವ ಭಾಗಕ್ಕೆ ಅದನ್ನೂ ಸುಮ್ನೆ ಒಪ್ಪಿಕೊಳ್ಳಬೇಡಿ. ಒಂದು ಮಣಿ ಒಳಗೆ ಉಳಿದು ಬೇರಿಂಗಿಗೆ ಹೋದರೆ ಎಂಜಿನ್ ಮತ್ತೆ ಬಿಚ್ಚಬೇಕಾಗುತ್ತದೆ. ಎಷ್ಟೋ ಭಾಗಗಳಿಗೆ ಸೀಮೆಎಣ್ಣೆ, ನೈಲಾನ್ ಬ್ರಷ್ಷು, ತಾಳ್ಮೆ ಸಾಕು. ಇನ್ನು ಕಾಸ್ಟಿಕ್ ಸೋಡಾ. ಕಬ್ಬಿಣಕ್ಕೆ ಅದು ಒಳ್ಳೆಯದೇ, ಅಲ್ಯೂಮಿನಿಯಂ ಅನ್ನು ಮಾತ್ರ ತಿಂದುಹಾಕುತ್ತದೆ. ಬಕೆಟ್ಟಿನಲ್ಲಿ ರಾತ್ರಿಯಿಡೀ ನೆನೆಸಿಟ್ಟು, ಬೆಳಿಗ್ಗೆ ಕಪ್ಪಗಾದ ವಾಟರ್ ಪಂಪ್ ಹಿಡಿದುಕೊಂಡು ಬರುವವರು ಈಗಲೂ ಇದ್ದಾರೆ. 1968ರಿಂದ 1977ರವರೆಗಿನ ಹೆಚ್ಚಿನ ಪೋರ್ಷೆ 911ಗಳಂತೆ ಎಂಜಿನ್ನಿನ ಕವಚ, ಅಂದರೆ ಕ್ರ್ಯಾಂಕ್‌ಕೇಸ್, ಮೆಗ್ನೀಸಿಯಂನದ್ದಾಗಿದ್ದರೆ ಇನ್ನೂ ಹುಷಾರು. ಆಸಿಡ್ ಅದನ್ನು ತಿನ್ನುತ್ತದೆ, ತಿಕ್ಕಿದ ಪುಡಿಗೆ ಬೆಂಕಿ ಹತ್ತಿಕೊಳ್ಳುತ್ತದೆ. ಅದನ್ನು ಮಾಡಿ ಅನುಭವ ಇದ್ದವರಿಗೇ ಕೊಡಿ.

ಬೋಲ್ಟುಗಳ ವಿಷಯ ಬರೀ ಅಂದದ್ದಲ್ಲ, ಅದಕ್ಕಿಂತ ದೊಡ್ಡದು. ಆ ಕಾಲದ ಬ್ರಿಟಿಷ್ ಕಾರುಗಳಲ್ಲಿ ಎಷ್ಟೋ ಬೋಲ್ಟು, ಬ್ರಾಕೆಟ್ಟುಗಳಿಗೆ ಕ್ಯಾಡ್ಮಿಯಂ ಲೇಪ ಇತ್ತು. ಸ್ವಲ್ಪ ಮಂಕಾದ, ಬೆಣ್ಣೆಯಂಥ ಬೆಳ್ಳಿ ಬಣ್ಣ. ಈಗ ಅದರ ವಿಷದ ಕಾರಣಕ್ಕೆ ಮಾಡುವವರು ಕಡಿಮೆ, ನಾನೂ ಒತ್ತಾಯ ಮಾಡುವುದಿಲ್ಲ. ಹಳೇ ಕ್ಯಾಡ್ಮಿಯಂ ಬೋಲ್ಟಿಗೆ ಗ್ಯಾಸ್ ಕಟರ್ ಬೆಂಕಿ ಹಿಡಿಯಲೇಬೇಡಿ, ಆ ಹೊಗೆ ಪ್ರಾಣಕ್ಕೆ ಅಪಾಯ. ಜಿಂಕ್ ಹಾಕಿಸಿ ಹೊಳಪು ಸ್ವಲ್ಪ ಇಳಿಸಿದರೆ ಹತ್ತಿರ ಹತ್ತಿರ ಬರುತ್ತದೆ. ಬೆಂಗಳೂರಿನ ಪೀಣ್ಯದಲ್ಲಿ ಜಿಂಕ್ ಮಾಡುವವರಿಗೆ ಬರವಿಲ್ಲ. "ಬ್ರೈಟ್ ಬೇಡ" ಅಂತ ಬರೆದೇ ಕೊಡಿ, ಬಾಯಲ್ಲಿ ಹೇಳಿದ್ದು ಟ್ಯಾಂಕಿನ ಹತ್ತಿರ ಹೋಗುವಷ್ಟರಲ್ಲಿ ಮರೆತುಹೋಗಿರುತ್ತದೆ.

ಕ್ರೋಮ್ ಹಾಕಿಸಿದರೆ ಏನಾಗುತ್ತದೆ? ಮೊದಲನೆಯದಾಗಿ, ಥ್ರೆಡ್ಡು ದಪ್ಪವಾಗುತ್ತದೆ. ಲೇಪ 10 ಮೈಕ್ರಾನ್ ಇದ್ದರೆ ಥ್ರೆಡ್ಡಿನ ಅಳತೆ ಸುಮಾರು 40 ಮೈಕ್ರಾನ್ ಏರುತ್ತದೆ, ಇಳಿಜಾರಿನ ಎರಡೂ ಮೈಗೆ ಲೇಪ ಕೂರುತ್ತದಲ್ಲ. ಕ್ರೋಮ್ ಕೆಲಸದಲ್ಲಿ ಕೆಳಗೆ ತಾಮ್ರ, ನಿಕ್ಕಲ್ ಪದರಗಳೂ ಇರುತ್ತವೆ. ನಟ್ಟು ಕಚ್ಚಿಕೊಳ್ಳುತ್ತದೆ, ಬಿಗಿ ಅಳೆಯುವ ಟಾರ್ಕ್ ವ್ರೆಂಚ್ ತೋರಿಸುವ ಲೆಕ್ಕ ಸುಳ್ಳಾಗುತ್ತದೆ. ಎರಡನೆಯದು ಇದಕ್ಕಿಂತ ಕೆಟ್ಟದ್ದು. ಆಸಿಡ್ ತೊಳೆತದಲ್ಲೂ ಪ್ಲೇಟಿಂಗ್ ಟ್ಯಾಂಕಿನಲ್ಲೂ ಹೈಡ್ರೋಜನ್ ಹುಟ್ಟಿ ಗಟ್ಟಿ ಸ್ಟೀಲಿನ ಒಳಗೆ ಸೇರಿಕೊಳ್ಳುತ್ತದೆ. ಬೋಲ್ಟು ಹೊರಗೆ ಚೆನ್ನಾಗೇ ಕಾಣುತ್ತದೆ. ಬಿಗಿ ಮಾಡಿ ಗಂಟೆಗಳೋ ದಿನಗಳೋ ಆದ ಮೇಲೆ, ಯಾರೂ ಮುಟ್ಟದೆ, ತಲೆ ಕಡಿದು ಬೀಳಬಹುದು. ಇದು ಮೆತ್ತನೆಯ ಸಾಮಾನ್ಯ ಬೋಲ್ಟಿಗೆ ಆಗುವ ತೊಂದರೆಯಲ್ಲ. ಗಟ್ಟಿ ಸ್ಟೀಲಿನ ಹೈ ಟೆನ್ಸೈಲ್ ಬೋಲ್ಟು, ಸ್ಪ್ರಿಂಗ್, ಸ್ಪ್ರಿಂಗ್ ವಾಷರುಗಳಿಗೆ ಇರುವ ಅಪಾಯ. ಅಂಥವನ್ನು ಪ್ಲೇಟಿಂಗ್ ಆದ ಕೂಡಲೇ, ಹೆಚ್ಚೆಂದರೆ ನಾಲ್ಕು ಗಂಟೆಯೊಳಗೆ, 190 ಡಿಗ್ರಿ ಸೆಲ್ಸಿಯಸ್‌ಗೂ ಮೇಲೆ ಹಲವು ಗಂಟೆ ಓವನ್ನಿನಲ್ಲಿ ಇಡಬೇಕು. "ಬೇಕಿಂಗ್ ಮಾಡ್ತೀರಾ?" ಅಂತ ಕೇಳಿ. "ಅದೇನು ಸಾರ್?" ಅಂತ ಉತ್ತರ ಬಂದರೆ ಬೋಲ್ಟು ವಾಪಸ್ ತನ್ನಿ.

ಯಾವ ಭಾಗಕ್ಕೆ ಮೊದಲು ಏನಿತ್ತು ಅಂತ ತಿಳಿಯುವುದು ಹೇಗೆ? ಎಲ್ಲಾ ಕಾರಿಗೂ ಒಂದೇ ಉತ್ತರ ನಾನು ಕೊಡಲಾರೆ. ವರ್ಷ ಬದಲಾದರೆ ಕಾರ್ಖಾನೆಯ ಪದ್ಧತಿಯೂ ಬದಲಾಗಿರುತ್ತದೆ, ಮಧ್ಯೆ ಯಾರೋ ಭಾಗವನ್ನೇ ಬದಲಾಯಿಸಿರಲೂಬಹುದು. ಆದರೆ ತೊಳೆಯುವ ಮುಂಚೆ ಒಂದು ವಾಷರ್ ಬಿಚ್ಚಿ ನೋಡಿ. ಅದರ ಕೆಳಗೆ, ಗಾಳಿ ಧೂಳು ತಾಗದ ಒಂದು ಉಂಗುರದಷ್ಟು ಜಾಗದಲ್ಲಿ, ಹಳೇ ಫಿನಿಷ್ ಇನ್ನೂ ಉಳಿದಿರುತ್ತದೆ. ಕ್ಲಿಪ್ಪಿನ ಹಿಂದೆ, ಬ್ರಾಕೆಟ್ ಕೂತ ಕಡೆ, ಗ್ಯಾಸ್ಕೆಟ್ ಅಂಚಿನಲ್ಲೂ ಹುಡುಕಿ. ಹಗಲು ಬೆಳಕಿನಲ್ಲಿ, ಪಕ್ಕದಲ್ಲೊಂದು ಬಿಳಿ ಕಾಗದ ಇಟ್ಟು ಫೋಟೋ ತೆಗೆಯಿರಿ. ಆಮೇಲೆ ಸೀಮೆಎಣ್ಣೆ ಮುಟ್ಟಿ.

ನನ್ನ ಹತ್ತಿರ ತರುವುದಾದರೆ ಕೊಳೆ ಸಮೇತ ತನ್ನಿ, ಮನೆಯಲ್ಲಿ ಏನೂ ಮಾಡಬೇಡಿ. ಬೋಲ್ಟುಗಳನ್ನು ಎಲ್ಲಿಂದ ಬಿಚ್ಚಿದ್ದು ಅಂತ ಬರೆದು ಬೇರೆ ಬೇರೆ ಕವರಿಗೆ ಹಾಕಿ. ಪಿಸ್ಟನ್ನನ್ನು ಕ್ರ್ಯಾಂಕಿಗೆ ಜೋಡಿಸುವ ಕನೆಕ್ಟಿಂಗ್ ರಾಡಿನ ಬೋಲ್ಟುಗಳನ್ನು ಮಾತ್ರ ಪ್ಲೇಟಿಂಗಿಗೆ ಹೋಗುವ ಕವರಿನಲ್ಲಿ ಸೇರಿಸಬೇಡಿ. ಅವು ಎಣ್ಣೆಯಲ್ಲೇ ಇರುತ್ತವೆ, ಅವಕ್ಕೆ ಲೇಪವೇ ಬೇಕಿಲ್ಲ.