ಹತ್ತು ಸಲ 0.1 ಕೂಡಿದರೂ 1 ಏಕೆ ಆಗುವುದಿಲ್ಲ?

ಪ್ರಶ್ನೆ: ಸಿ ಭಾಷೆಯಲ್ಲಿ ಸೊನ್ನೆಯಿಂದ ಆರಂಭಿಸಿ, ಬಿಂದುವಿರುವ ಸಂಖ್ಯೆಗಳನ್ನು ಹಿಡಿದಿಡುವ ಒಂದು ಡಬಲ್‌ಗೆ 0.1 ಕೂಡುತ್ತಾ ಹೋಗುತ್ತೇನೆ. ಮೊತ್ತ 1.0 ಆದಾಗ ಲೂಪ್ ನಿಲ್ಲಬೇಕು, ಆದರೆ ನಿಲ್ಲುವುದೇ ಇಲ್ಲ. ಮುದ್ರಿಸಿ ನೋಡಿದರೆ ನಡುವೆ 1.000000 ಬಂದುಹೋಗಿರುತ್ತದೆ. ತಪ್ಪೆಲ್ಲಿದೆ?

ಉತ್ತರ: ಮುದ್ರಿಸುವ ಫಂಕ್ಷನ್ ಪ್ರಿಂಟ್‌ಎಫ್ ನಿಮಗೆ ಪೂರ್ತಿ ಸತ್ಯ ಹೇಳಿಲ್ಲ. ನೀವು ಬೇರೆ ಹೇಳದಿದ್ದರೆ ಅದು ಬಿಂದುವಿನ ನಂತರ ಆರೇ ಅಂಕಿ ತೋರಿಸುತ್ತದೆ. 17 ಅಂಕಿ ಕೇಳಿ ನೋಡಿ: 0.99999999999999989 ಸಿಗುತ್ತದೆ. ಮುಂದಿನ ಸುತ್ತಿಗೆ ಮೊತ್ತ 1 ಅನ್ನು ದಾಟಿ 1.1ರ ಹತ್ತಿರ ಹೋಗಿಬಿಡುತ್ತದೆ.

ಮೂರರಲ್ಲಿ ಒಂದು ಪಾಲನ್ನು ದಶಮಾಂಶದಲ್ಲಿ ಬರೆದು ಮುಗಿಸಲಾಗದಂತೆ, ಹತ್ತರಲ್ಲಿ ಒಂದು ಪಾಲನ್ನು ಕಂಪ್ಯೂಟರ್ ಬಳಸುವ, 0 ಮತ್ತು 1 ಮಾತ್ರ ಇರುವ ದ್ವಿಮಾನದಲ್ಲಿ ಬರೆದು ಮುಗಿಸಲಾಗದು. ನಮ್ಮ ಹಳೆಯ ಲೆಕ್ಕದ ಅರ್ಧ, ಕಾಲು, ಮುಕ್ಕಾಲು, ಹದಿನಾರನೇ ಒಂದು ಪಾಲಾದ ವೀಸ, ಇವೆಲ್ಲ ಕಂಪ್ಯೂಟರಿಗೆ ಕರಾರುವಾಕ್ಕು. ಅದಕ್ಕೆ ಒಗ್ಗದ್ದು ಹತ್ತರ ಲೆಕ್ಕ.

ನಿಮ್ಮ ಲೂಪಿಗೆ ಮದ್ದು ಸುಲಭ: ಪೂರ್ಣಾಂಕದಲ್ಲಿ 0ಯಿಂದ 10ರವರೆಗೆ ಎಣಿಸಿ, ಬೆಲೆ ಬೇಕಾದಾಗ 10.0ರಿಂದ ಭಾಗಿಸಿ. ಬರೀ 10 ಎಂದು ಬರೆದರೆ ಪೂರ್ಣಾಂಕ ಭಾಗಾಕಾರವಾಗಿ ಹೊಸ ತಲೆನೋವು.

ಎರಡು ಡಬಲ್‌ಗಳನ್ನು ಹೋಲಿಸಲೇಬೇಕಾದಾಗ ಹಲವರು ಹೇಳುವ ಉಪಾಯ, ವ್ಯತ್ಯಾಸ ‘ಎಪ್ಸಿಲಾನ್’ಗಿಂತ ಕಡಿಮೆಯೇ ಎಂದು ನೋಡುವುದು. ನನಗೆ ಇದು ಒಪ್ಪಿಗೆಯಿಲ್ಲ. ಎಪ್ಸಿಲಾನ್ ಎಂದರೆ 1.0ಕ್ಕೂ ಅದರ ಮುಂದಿನ ಡಬಲ್‌ಗೂ ಇರುವ ಅಂತರ, ಸುಮಾರು 0.00000000000000022. ಒಂದು ಕೋಟಿಯ ಆಸುಪಾಸಿನಲ್ಲಿ ಅಕ್ಕಪಕ್ಕದ ಡಬಲ್‌ಗಳ ಅಂತರವೇ ಸುಮಾರು 0.0000000019. ಅಲ್ಲಿ ಈ ಪರೀಕ್ಷೆ ವೇಷ ಮರೆಸಿಕೊಂಡ ==, ಅಂದರೆ ‘ನಿಖರವಾಗಿ ಸಮವೇ’ ಎಂಬ ಪರೀಕ್ಷೆ, ಅಷ್ಟೇ. ತೀರಾ ಸಣ್ಣ ಸಂಖ್ಯೆಗಳಲ್ಲಾದರೆ ಒಂದು ಇನ್ನೊಂದರ ನೂರು ಪಟ್ಟಿದ್ದರೂ ಎರಡೂ ಸಮ ಎಂದುಬಿಡುತ್ತದೆ.

ಆದ್ದರಿಂದ ಸಹನೆಯ ಮಿತಿ ಸಂಖ್ಯೆಯ ಗಾತ್ರದೊಂದಿಗೆ ಬೆಳೆಯಬೇಕು. ಎರಡರಲ್ಲಿ ದೊಡ್ಡದರ ನೂರು ಕೋಟಿಯಲ್ಲಿ ಒಂದು ಪಾಲಿನೊಳಗೆ ವ್ಯತ್ಯಾಸವಿದ್ದರೆ ಸಮ ಎನ್ನಬಹುದು. ಸೊನ್ನೆಯ ಬಳಿ ಈ ಮಿತಿಯೂ ಕರಗಿಹೋಗುವುದರಿಂದ ಜೊತೆಗೊಂದು ಸ್ಥಿರ ಮಿತಿ ಇಡಿ; ಎರಡು ಮಿತಿಗಳಲ್ಲಿ ಒಂದು ಒಪ್ಪಿದರೂ ಸಾಕು. ಆ ಸ್ಥಿರ ಮಿತಿ ಎಷ್ಟಿರಬೇಕೆಂದು ಹೇಳಬೇಕಾದದ್ದು ನಿಮ್ಮ ಕೆಲಸ: ಮಿಲಿಮೀಟರಿನ ಅಳತೆಯೋ, ಕಿಲೋಮೀಟರಿನದೋ?

ವ್ಯತ್ಯಾಸದ ಋಣ ಚಿಹ್ನೆ ತೆಗೆಯಲು ‘ಎಫ್‌ಎಬಿಎಸ್’ ಬಳಸಿ. ಮೊದಲಿನ ಎಫ್ ಬಿಟ್ಟುಹೋದರೆ ಅದು ಪೂರ್ಣಾಂಕದ ಫಂಕ್ಷನ್, 0.7ನ್ನು ಸೊನ್ನೆ ಮಾಡಿ ನಿಮ್ಮ ಕೈಗೆ ಕೊಡುತ್ತದೆ.

ಹಣದ ಲೆಕ್ಕವಾದರೆ ಇಷ್ಟೆಲ್ಲ ಬೇಡ. ರೂಪಾಯಿಯನ್ನು ಪೈಸೆ ಮಾಡಿ ಪೂರ್ಣಾಂಕದಲ್ಲಿಟ್ಟು, == ಅನ್ನೇ ಧೈರ್ಯವಾಗಿ ಬಳಸಿ.